ಒಲೆಯ ಮುಂದಿನ ಹುಡುಗಿಯ ಕೂದಲು

ನನ್ನ ಅಣ್ಣನ ಮಗಳು ಯಕ್ಷಿತಾ ಕೂದಲು ಮಾಡುತ್ತಾಳೆ. ಹೀಗೆಂದರೆ ಕೇಳಿದವರು ಮೊದಲು ತಮ್ಮ ತಲೆ ಮುಟ್ಟಿ ನೋಡಿಕೊಳ್ಳುತ್ತಾರೆ. ಮೊನ್ನೆ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಶೈಲಾ ಎನ್ನುವ ಹೆಂಗಸು, "ಪಾರ್ಲರ್ ಎಲ್ಲಿ ಹಾಕಿದ್ದಾಳೆ? ನಮಗೆ ಸ್ವಲ್ಪ ಕಮ್ಮಿಗೆ ಮಾಡಿ ಕೊಡ್ತಾಳಾ?" ಎಂದು ಕೇಳಿದಳು. ಪಾರ್ಲರ್ ಅಲ್ಲ ಎಂದೆ. "ಹಾಗಾದ್ರೆ ವಿಗ್ಗಾ?" ವಿಗ್ಗೂ ಅಲ್ಲ, ಕಂಪ್ಯೂಟರಿನ ಒಳಗಿನ ಜನಕ್ಕೆ ತಲೆಕೂದಲು ಬರಿಸುವ ಕೆಲಸ ಎಂದೆ. ಶೈಲಾ ನನ್ನನ್ನು ಕನಿಕರದಿಂದ ನೋಡಿ ಉಪ್ಪಿಟ್ಟಿನ ಕಡೆ ಹೋದಳು. ನಿವೃತ್ತಿಯಾಗುವವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಒತ್ತಕ್ಷರ ಕಲಿಸಿದವಳು ನಾನು. ಬಿಡಿಸಿ ಹೇಳುವ ಅಭ್ಯಾಸ ಉಂಟು. ಆದರೆ ಉಪ್ಪಿಟ್ಟಿನ ಮೇಲೆ ಕಣ್ಣಿಟ್ಟವರಿಗೆ ಪಾಠ ಮಾಡಿ ಬಾಯಿ ನೋಯಿಸಿಕೊಳ್ಳುವ ವಯಸ್ಸು ಈಗ ನನ್ನದಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಪ್ರಫುಲ್ಲಾ. ಸಾಂತಾಕ್ರೂಜ್ ಪೂರ್ವದಲ್ಲಿ, ಸ್ಟೇಷನ್ನಿನಿಂದ ರಿಕ್ಷಾದವರು ಬರಲು ಒಪ್ಪದಷ್ಟು ಹತ್ತಿರದಲ್ಲಿ ನಮ್ಮ ಬಿಲ್ಡಿಂಗ್. ಅಣ್ಣ ಮೋನಪ್ಪ, ಅತ್ತಿಗೆ ಸೇವಂತಿ, ಅವರ ಒಬ್ಬಳೇ ಮಗಳು ಯಕ್ಷಿತಾ, ಮತ್ತು ನಾನು ಒಂದೇ ಮನೆಯಲ್ಲಿದ್ದೇವೆ. ನನಗೆ ಮದುವೆ ಆಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ, ಹುಡುಕಬೇಡಿ. ಅಣ್ಣನದು ಪಕ್ಕದ ಗಲ್ಲಿಯಲ್ಲಿ ಇಡ್ಲಿ-ದೋಸೆಯ ಹೋಟೆಲು. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಬೈಕುಲ್ಲಾದಲ್ಲಿ ಯಾರದೋ ಹೋಟೆಲಿನ ತಟ್ಟೆ ತೊಳೆದು, ಕೊನೆಗೆ ತನ್ನದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಅವನು. ಯಕ್ಷಿತಾ ನನ್ನನ್ನು ಮಾಮಿ ಎನ್ನುತ್ತಾಳೆ. ನಮ್ಮ ತುಳುವರಲ್ಲಿ ಅಪ್ಪನ ತಂಗಿ ಮಾಮಿ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿ ಹತ್ತಿ ಇಂಗ್ಲಿಷಿನಲ್ಲಿ ಇಳಿಯುತ್ತದೆ. ಮನೆಯಲ್ಲಿ ಕನ್ನಡ ಟೀಚರ್ ಇದ್ದೂ ಹೀಗೆ. ನಾನು ತಿದ್ದುವುದನ್ನು ಬಿಟ್ಟಿಲ್ಲ, ಅವಳು ಕೇಳುವುದನ್ನು ಶುರು ಮಾಡಿಲ್ಲ.

ಅವಳ ಸ್ಟುಡಿಯೋ ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. ಕೆಳಗಿನ ಮಹಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುತ್ತಾರೆ, ಮೇಲೆ ಇವರು ಕೂದಲು ಮಾಡುತ್ತಾರೆ. ಬೇರೆ ದೇಶದವರು ಕಾರ್ಟೂನ್ ಸಿನೆಮಾ ತೆಗೆದರೆ ಅದರ ಒಂದೊಂದು ಕೆಲಸ ಒಂದೊಂದು ಊರಿಗೆ ಹಂಚಿಹೋಗುತ್ತದಂತೆ. ಕಾಂದಿವಲಿಯವರಿಗೆ ತಲೆ ಬರುತ್ತದೆ, ಅದೂ ಬೋಳು ತಲೆ. "ಮಾಮಿ, ಪೂರಾ ಲಕ್ಷ ಕೂದಲು ನಾನ್ ಹಾಕೋದಿಲ್ಲ, ಪಾಗಲ್ ಹೋ ಜಾಊಂಗೀ. ಸ್ವಲ್ಪ ಹಾಕ್ತೇನೆ, ಅದು ಗೈಡ್. ಬಾಕಿ ಎಲ್ಲ ಕಂಪ್ಯೂಟರ್ ಅದನ್ನ ನೋಡಿ ಕಾಪಿ ಮಾಡ್ತದೆ" ಎಂದು ಒಮ್ಮೆ ಹೇಳಿದಳು. ನನಗೆ ತಕ್ಷಣ ಅರ್ಥವಾಯಿತು. ತರಗತಿಯಲ್ಲಿ ನಾಲ್ಕು ಮಕ್ಕಳನ್ನು ಸರಿಯಾಗಿ ನಿಲ್ಲಿಸಿದರೆ ಉಳಿದವರು ಅವರನ್ನು ನೋಡಿ ಸಾಲು ಹಿಡಿಯುವುದಿಲ್ಲವೇ, ಹಾಗೆ. ಆಮೇಲೆ ಆ ಕೂದಲು ಒಂಟಿ ಒಂಟಿಯಾಗಿ ನಿಲ್ಲದಂತೆ ನೋಡಬೇಕು, ಕೂದಲು ಯಾವಾಗಲೂ ಗುಂಪು ಕಟ್ಟಿಕೊಳ್ಳುತ್ತದೆ. ತಲೆ ತಿರುಗಿಸಿದಾಗ ಕೂದಲು ಸ್ವಲ್ಪ ತಡವಾಗಿ ತಿರುಗಬೇಕು. ಬೆಳಕು ಮೇಲೆ ಬಿದ್ದು ಹಾಗೇ ವಾಪಸು ಹೋಗಬಾರದು, ಅಷ್ಟಿಷ್ಟು ಕೂದಲಿನ ಒಳಗೆ ಹೊಕ್ಕು ಆಚೆ ಕಡೆಯಿಂದ ಬರಬೇಕು. ಕಪ್ಪು ಕೂದಲು ಬಿಸಿಲಿನಲ್ಲಿ ಕಂದು ಬಣ್ಣವಾಗಿ ಕಾಣುವುದು ಅದಕ್ಕೇ ಅಂತೆ. ಇಷ್ಟೆಲ್ಲ ಆದ ಮೇಲೆ ಕೊನೆಯದು, ಗುಂಪಿಗೆ ಸೇರದೆ ಅಲ್ಲಲ್ಲಿ ಹಾರಾಡುವ ಕೂದಲು. ಅದನ್ನು ಬೇರೆ ಮನೆಗಳಲ್ಲಿ ಮುಂಗುರುಳು ಎಂದು ಹೊಗಳಬಹುದು. ನಮ್ಮ ಮನೆಯಲ್ಲಿ ಅದಕ್ಕೆ ಶಿಸ್ತಿಲ್ಲದ ಕೂದಲು ಎನ್ನುತ್ತೇವೆ.

ಯಾಕೆ ಎನ್ನುವುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅಣ್ಣ ಹೋಟೆಲು ತೆರೆದ ಹೊಸತು. ಸೇವಂತಿ ಮದುವೆಯಾಗಿ ಬಂದು ಅಡುಗೆಮನೆಯಲ್ಲಿ ಚಟ್ನಿ, ಸಾಂಬಾರು ನೋಡಿಕೊಳ್ಳುತ್ತಿದ್ದಳು. ಆಗ ಅವಳಿಗೆ ಸೊಂಟದವರೆಗೆ ಜಡೆ. ಒಂದು ಬೆಳಿಗ್ಗೆ ಒಬ್ಬ ಗಿರಾಕಿಗೆ ಸಾಂಬಾರಿನಲ್ಲಿ ಕೂದಲು ಸಿಕ್ಕಿತು. ಉದ್ದದ್ದು. ಅವನು ಜಗಳ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಆ ಮನುಷ್ಯ ಅದನ್ನು ಎರಡು ಬೆರಳಲ್ಲಿ ಮೇಲೆತ್ತಿ, ನಕ್ಕು, "ಸೇಠ್, ಯೇ ಕಿಸ್ಕಾ ಹೈ?" ಇದು ಯಾರದು ಎಂದು ಕೇಳಿದ. ಕೂತವರೆಲ್ಲ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿದರು. ಅಲ್ಲಿ ಸೇವಂತಿ ನಿಂತಿದ್ದಳು. ಮಾರನೆಯ ದಿನದಿಂದ ಅವಳ ತಲೆಗೆ ಬಟ್ಟೆ ಬಂತು, ಹಣೆಯಿಂದ ಕತ್ತಿನವರೆಗೆ ಬಿಗಿಯಾಗಿ. ಹೋಟೆಲಿನ ಚಟ್ನಿಗೆ ಮನೆಯಲ್ಲೂ ರುಬ್ಬುವುದಿತ್ತು, ಹಾಗಾಗಿ ಮನೆಯಲ್ಲೂ ಬಟ್ಟೆ. ಅಣ್ಣನ ಮಾತು ಒಂದೇ: "ಅನ್ನದಲ್ಲಿ ಕಲ್ಲು ಸಿಕ್ಕಿದ್ರೆ ಗಿರಾಕಿ ಬೈತಾನೆ. ಕೂದಲು ಸಿಕ್ಕಿದ್ರೆ ಬೈಯ್ಯೋದೂ ಇಲ್ಲ, ಬರೋದೂ ಇಲ್ಲ."

ಯಕ್ಷಿತಾಳ ತಲೆ ಬಾಚುವ ಕೆಲಸ ನನ್ನದಾಗಿತ್ತು, ಸೇವಂತಿ ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೋಗುತ್ತಿದ್ದಳಲ್ಲ. ತೆಂಗಿನೆಣ್ಣೆ ಹಾಕಿ, ನೀರು ಸವರಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆಯುತ್ತಿದ್ದೆ. ಶಾಲೆ ಬಿಟ್ಟು ಹೋಟೆಲಿಗೆ ಬರುವ ಮಗು, ಅಲ್ಲೇ ಮೂಲೆಯ ಟೇಬಲಿನಲ್ಲಿ ಹೋಂವರ್ಕ್ ಮಾಡುವ ಮಗು, ಒಂದು ಎಳೆಯೂ ಉದುರಬಾರದು. ಅವಳು ಅಳುತ್ತಿದ್ದಳು, ನಾನು ಬಾಚುತ್ತಿದ್ದೆ. ಈಗಲೂ ಹೇಳುತ್ತೇನೆ, ಚೆನ್ನಾಗಿಯೇ ಬಾಚುತ್ತಿದ್ದೆ. ಹೀಗೆ ಬೆಳೆದ ಹುಡುಗಿ ದೊಡ್ಡವಳಾಗಿ ಕೂದಲಿನ ಕೆಲಸವನ್ನೇ ಹಿಡಿದದ್ದು ಯಾಕೆಂದು ಅಣ್ಣ ಬಹಳ ಸಲ ಕೇಳಿದ್ದಾನೆ. ನನಗಂತೂ ಆಶ್ಚರ್ಯವಿಲ್ಲ. ಮನೆಯಲ್ಲಿ ದಿನಾ ಯಾವುದರ ಮಾತು ನಡೆಯುತ್ತದೋ ಮಗುವಿನ ತಲೆಯಲ್ಲಿ ಅದೇ ಕೂರುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಬಹಳ ಕಾಲ ಕುರಿಗಳೇ ಸಿಕ್ಕಿದವು. ಕುರಿಯ ಉಣ್ಣೆ, ನಾಯಿಯ ಬಾಲ, ಯಾವುದೋ ರಾಜನ ಮನೆಯ ಜಮಖಾನ. "ಪಪ್ಪಾ, ಇವತ್ತು ಎರಡು ಕುರಿ ಪಾಸಾಯ್ತು" ಎಂದು ಬರುವಳು. ಅಣ್ಣ ತಲೆ ಚಚ್ಚಿಕೊಳ್ಳುವನು. ಮುಖ್ಯ ಪಾತ್ರದ ತಲೆ ಅವಳ ಕೈಗೆ ಬಂದದ್ದು ಹೋದ ಚಳಿಗಾಲದಲ್ಲಿ. ಒಂದು ಹುಡುಗಿ. ಅವಳೂ ಅವಳ ತಾಯಿಯೂ ಸೇರಿ ಹಡಗು ಕಟ್ಟುವವರಿಗೆ ಅಡುಗೆ ಮಾಡಿ ಹಾಕುತ್ತಾರೆ, ಅದು ಕಥೆ. ಹುಡುಗಿಯ ಹೆಸರು ಹೊರಗೆ ಹೇಳುವ ಹಾಗಿಲ್ಲವಂತೆ, ನಮಗೂ ಹೇಳಿಲ್ಲ. ಚಿತ್ರವನ್ನೂ ತೋರಿಸುವ ಹಾಗಿಲ್ಲ. ಆದರೆ ವಾರದಲ್ಲಿ ಕೆಲವು ದಿನ ಯಕ್ಷಿತಾ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಇರುವುದು ಒಂದು ಹಾಲ್, ಒಂದು ಬೆಡ್‌ರೂಮ್. ಹಾಲ್‌ನ ಕಿಟಕಿ ಪಕ್ಕ ಕಂಪ್ಯೂಟರ್ ಇಟ್ಟು ಕೂತರೆ, ಅಡುಗೆಮನೆಗೆ ಹೋಗುವವರು ಅದರ ಮುಂದಿನಿಂದಲೇ ಹೋಗಬೇಕು. ಕಣ್ಣು ಮುಚ್ಚಿಕೊಂಡು ಹೋಗಿ ಎಂದು ಯಾವ ಕಂಪನಿಯೂ ಹೇಳಲಾರದು.

ಯಕ್ಷಿತಾಳ ಸಂತೋಷ ಹೇಳತೀರದು. ಲೋಕಲ್‌ನಲ್ಲಿ ಲೇಡೀಸ್ ಡಬ್ಬಿಯಲ್ಲಿ ಕೂತು ಎಲ್ಲರ ತಲೆ ನೋಡುವುದೇ ಅವಳಿಗೆ ಕೆಲಸವಾಯಿತು. ಮಿಂದು ಒದ್ದೆ ಕೂದಲು ಕಿಟಕಿ ಗಾಳಿಗೆ ಒಣಗಿಸುವವರು, ಕ್ಲಿಪ್ಪು ಬಾಯಲ್ಲಿ ಕಚ್ಚಿ ತುರುಬು ಕಟ್ಟುವವರು, ಎಲ್ಲರನ್ನೂ ಬಾಯಿ ಬಿಟ್ಟು ನೋಡುವಳು. ಒಮ್ಮೆ ಗೋರೆಗಾಂವ್ ದಾಟುವಾಗ ಎದುರಿನ ಹೆಂಗಸು ಸಿಟ್ಟಾಗಿ, "ಕ್ಯಾ ದೇಖ್ ರಹೀ ಹೈ ಕಬ್ ಸೇ? ಜೂಂ ಹೈ ಕ್ಯಾ?" ಎಂದಳಂತೆ. ಹೇನು ಇಲ್ಲ, ತುಂಬಾ ಚೆಂದದ ಕೂದಲು ಎಂದು ಇವಳು ಹೇಳಿದ ಮೇಲೆ ಆಕೆ ಬೊರಿವಲಿಯ ತನಕ ತನ್ನ ಎಣ್ಣೆಯ ಗುಟ್ಟು ಹೇಳುತ್ತ ಹೋಗಿದ್ದಾಳೆ, ಇವಳು ಕಾಂದಿವಲಿಯಲ್ಲಿ ಇಳಿಯಲು ಮರೆತು ಮುಂದೆ ಹೋಗಿದ್ದಾಳೆ.

ಇಷ್ಟೆಲ್ಲ ಮಾಡಿ ಕಟ್ಟಿದ ಕೂದಲು ಆ ಹೊರದೇಶದವರಿಗೆ ಹಿಡಿಸದೆ ವಾಪಸು ಬಂತು. ತಿದ್ದಿ ಕಳಿಸಿದಳು, ಮತ್ತೆ ಬಂತು. ಇನ್ನೊಮ್ಮೆ ತಿದ್ದಿದಳು. ಆಗ ಅವಳ ಮೇಲಿನವನು, ರೋಶನ್ ಎಂಬ ಮಂಗಳೂರಿನ ಹುಡುಗ, ಫೋನ್ ಮಾಡಿದ. ಸ್ಪೀಕರ್ ಹಾಕಿದ್ದಳು, ಹಾಗಾಗಿ ನಾನು ಬೇಕೆಂದು ಕೇಳಿಸಿಕೊಂಡದ್ದಲ್ಲ.

"ಯಕ್ಷಿ, ಎಂತ ಹೇಳೋದು, ಚೆಂದ ಉಂಟು" ಎಂದ ಅವನು. "ಒಂದೂ ಮಿಸ್ಟೇಕ್ ಇಲ್ಲ. ಆದ್ರೆ ಆ ಕೂದಲಿನ ಕೆಳಗೆ ಯಾರೂ ಇಲ್ಲ ಮಾರಾಯ್ತಿ."

"ರೋಶನ್, ಫ್ಲೈಅವೇ ಹಾಕಿದ್ದೇನಲ್ಲ. ಹಾರೋ ಕೂದಲು ಎಲ್ಲ ಉಂಟು."

"ಉಂಟು. ಆದ್ರೆ ಅದೂ ಲೈನ್‌ನಲ್ಲಿ ನಿಂತಿದೆ. ನೋಡು, ಮುಂದಿನ ಸೋಮವಾರ ಫೈನಲ್ ರಿವ್ಯೂ. ಆವತ್ತು ಆಗ್ಲಿಲ್ಲ ಅಂದ್ರೆ ಹುಡುಗಿ ನಿಖಿತಾಗೆ ಹೋಗ್ತಾಳೆ. ನನ್ನ ಕೈಯಲ್ಲಿ ಇಲ್ಲ ಅದು. ನಿಂಗೆ ಪುನಃ ಕುರಿ."

ಫೋನ್ ಇಟ್ಟು ಅವಳು ಪರದೆಯ ಕಡೆ ತಿರುಗಿದಳು. ನಿಖಿತಾ ಅವಳ ಪಕ್ಕದಲ್ಲೇ ಕೂರುವ ಗೆಳತಿ, ಹೊಟ್ಟೆಕಿಚ್ಚು ಪಡುವ ಹಾಗೂ ಇಲ್ಲ. ಸಿನೆಮಾದ ಆ ಹುಡುಗಿಯನ್ನು ಯಕ್ಷಿತಾ ಎಷ್ಟು ಹಚ್ಚಿಕೊಂಡಿದ್ದಳೆಂದರೆ, ಊಟಕ್ಕೆ ಏಳುವಾಗ ಕಂಪ್ಯೂಟರಿನ ಪರದೆ ಆರಿಸುವ ಬದಲು, "ಬರ್ತೇನೆ ಇರು" ಎಂದು ಹೇಳಿ ಏಳುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಸಂಕಟವಾದಾಗ ನನಗೆ ಸಿಟ್ಟು ಬರುತ್ತದೆ. "ಯಾರವನು ರೋಶನ್? ಇಷ್ಟು ಒಪ್ಪವಾಗಿ ಬಾಚಿದ ತಲೆಗೆ ಹೆಸರಿಡುತ್ತಾನಲ್ಲ, ಅವನ ಕಣ್ಣಿಗೇನು ಮಂಕು ಕವಿದಿದೆಯೇ?" ಎಂದು ಗೊಣಗಿದೆ.

ಅದೇ ಹೊತ್ತಿಗೆ ಅಣ್ಣ ಬಂದ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ ಒಂದು ಗಳಿಗೆ ಅಡ್ಡಾಗಲು ಮನೆಗೆ ಬರುವುದು ಅವನ ರೂಢಿ. ಮಗಳ ಮುಖ ನೋಡಲಿಲ್ಲ, ಪರದೆ ನೋಡಿದ. ಅಲ್ಲಿ ಹುಡುಗಿ ದೊಡ್ಡ ಹಂಡೆಯ ಮುಚ್ಚಳ ತೆಗೆದು, ಹಬೆಯ ಮಧ್ಯೆ ತಾಯಿಯ ಕಡೆ ತಿರುಗಿ ನಗುತ್ತಾಳೆ. ನಡು ಬೈತಲೆ, ಹಿಂದಕ್ಕೆ ಕಟ್ಟಿದ ಜಡೆ, ಕಿವಿಯ ಹಿಂದೆ ಸರಿಸಿದ ಕೂದಲು. ಅಣ್ಣ ಎರಡು ಸಲ ನೋಡಿದ. ಅವನ ಮುಖ ಅರಳಿತು.

"ಇವಳು ಒಳ್ಳೆ ಹುಡುಗಿ" ಎಂದ. "ಹಂಡೆ ಮುಂದೆ ನಿಂತಿದ್ರೂ ಒಂದು ಕೂದಲು ಆಚೀಚೆ ಇಲ್ಲ ನೋಡು. ಇಂಥವಳು ಸಿಕ್ಕಿದ್ರೆ ನಾಳೆಯಿಂದಲೇ ಕೆಲಸಕ್ಕೆ ಇಟ್ಕೊಳ್ತೇನೆ. ಕಣ್ಣು ಮುಚ್ಚಿ ಇಟ್ಕೊಳ್ತೇನೆ."

ಇಷ್ಟು ವರ್ಷದಲ್ಲಿ ಮಗಳ ಕೆಲಸವನ್ನು ಅವನು ಹೊಗಳಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಯಕ್ಷಿತಾ ಮಾತ್ರ ಅಪ್ಪನ ಮುಖವನ್ನು ದಿಟ್ಟಿಸಿ ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ಅಪ್ಪನನ್ನು. ಆಮೇಲೆ ಎರಡೂ ಕೈ ತಲೆಯ ಮೇಲಿಟ್ಟು ನಗಲು ಶುರು ಮಾಡಿದಳು. ಕಣ್ಣೀರು ಇನ್ನೂ ಆರಿರಲಿಲ್ಲ. ನನಗೆ ಗಾಬರಿಯಾಯಿತು.

"ಪಪ್ಪಾ, ನಾನು ಸಿನೆಮಾಗೆ ಮಾಡಿದ್ದಲ್ಲ ಇದು. ನಿಮ್ಮ ಹೋಟೆಲಿಗೆ ಮಾಡಿದ್ದೇನೆ" ಎಂದಳು.

ಅಣ್ಣನಿಗೆ ಅರ್ಥವಾಗಲಿಲ್ಲ, ಹೋಗಿ ಮಲಗಿದ. ಅವಳು ನನಗೆ ತೋರಿಸಿದಳು. ಕೆಲಸದ ನಿಯಮದಂತೆ ಹಾರುವ ಕೂದಲು ಹಾಕಿದ್ದಾಳೆ ನಿಜ. ಆದರೆ ಒಂದೂ ಮುಖದ ಕಡೆ ಬಂದಿಲ್ಲ, ಒಂದೂ ಹಂಡೆಯ ಕಡೆ ಬಾಗಿಲ್ಲ, ಎಲ್ಲವೂ ಹಿಂದಕ್ಕೆ, ಮೇಲಕ್ಕೆ, ಅಡುಗೆಯಿಂದ ದೂರಕ್ಕೆ. ಅಕಸ್ಮಾತ್ ಮುಂದೆ ಬಿದ್ದದ್ದನ್ನು ಕಳಿಸುವ ಮೊದಲು ತಾನೇ ತಾನಾಗಿ ಅಳಿಸಿದ್ದಾಳೆ, ಅಳಿಸಿದ್ದು ನೆನಪೂ ಇಲ್ಲ. ಬೇರೆ ಯಾರೇ ಮಾಡಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. ಹೋಟೆಲಿನವರ ಮಗಳ ಕೈಯಲ್ಲಿ ಮಾತ್ರ ಆಗುವಂಥದ್ದು. ಕುರಿಗಳ ವಿಷಯದಲ್ಲಿ ತೊಂದರೆ ಬರಲಿಲ್ಲ, ಕುರಿ ಅಡುಗೆ ಮಾಡುವುದಿಲ್ಲವಲ್ಲ.

"ನಂಗೆ ಗೊತ್ತೇ ಇಲ್ಲ ಮಾಮಿ" ಎಂದಳು ಅವಳು. "ಅಡುಗೆ ಮಾಡುವಾಗ ಕೂದಲು ಆಕ್ಚುಲೀ ಏನು ಮಾಡ್ತದೆ, ನಾನು ನೋಡಿಯೇ ಇಲ್ಲ. ಅಮ್ಮನ ಕೂದಲು ನಾನು ನೋಡಿದ್ದು ತಲೆಗೆ ಮೀಯುವ ದಿನ ಮಾತ್ರ."

ಆವತ್ತು ಸಂಜೆ ಸೇವಂತಿ ಒಲೆಯ ಮುಂದೆ ನಿಂತಾಗ ಯಕ್ಷಿತಾ ಕೇಳಿಯೇಬಿಟ್ಟಳು. ಬಟ್ಟೆ ಬಿಚ್ಚಿ ಅಡುಗೆ ಮಾಡಬೇಕು, ತಾನು ಫೋನಿನಲ್ಲಿ ವಿಡಿಯೋ ತೆಗೆಯಬೇಕು. ಅಣ್ಣ ಹೋಟೆಲಿಗೆ ಹೊರಡಲು ಚಪ್ಪಲಿ ಮೆಟ್ಟಿದವನು ಬಾಗಿಲಲ್ಲೇ ನಿಂತ.

"ಎಂಥ ಮಾತದು? ಬಾಣಲೆ ಮುಂದೆ ತಲೆ ಬಿಚ್ಚಿ ನಿಲ್ಲೋದಾ? ಅದನ್ನ ವಿಡಿಯೋ ಬೇರೆ ತೆಗೆಯೋದಾ? ಯಾರಾದ್ರೂ ನೋಡಿದ್ರೆ ನನ್ನ ಹೋಟೆಲಿನ ಮರ್ಯಾದೆ ಏನಾಗ್ಬೇಕು?"

"ಯಾರಿಗೂ ತೋರಿಸೋದಿಲ್ಲ ಪಪ್ಪಾ. ರೆಫರೆನ್ಸ್‌ಗೆ, ನಂಗೆ ಮಾತ್ರ."

"ಬೇಡ ಅಂದ್ರೆ ಬೇಡ. ಬೇಕಾದ್ರೆ ಆ ಹುಡುಗಿಯನ್ನೇ ಬಿಟ್ಟುಬಿಡು. ಕುರಿಯೇ ಸಾಕು ನಮಗೆ."

ಅಣ್ಣ ಗಟ್ಟಿಯಾಗಿ ಮಾತಾಡಿದರೆ ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯುತ್ತದೆ. ಯಕ್ಷಿತಾ ಫೋನ್ ಕೆಳಗಿಟ್ಟಳು. ಆಗ ಸೇವಂತಿ, ಯಾರನ್ನೂ ನೋಡದೆ, ಒಲೆಯ ಉರಿ ಸಣ್ಣ ಮಾಡಿದಳು. ಹಿಟ್ಟಿನ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಕತ್ತಿನ ಹಿಂದೆ ಕೈ ಹಾಕಿ ಗಂಟು ಬಿಚ್ಚಿದಳು.

"ಇಷ್ಟು ವರ್ಷ ನಿಮ್ಮ ಗಿರಾಕಿಗಳಿಗೋಸ್ಕರ ಕಟ್ಟಿದ್ದೇನೆ" ಎಂದಳು. "ಇವತ್ತು ಮಗಳಿಗೋಸ್ಕರ ಬಿಚ್ತೇನೆ. ಈ ಸಾರು ನಮಗೇ ಇರೋದು. ಕೂದಲು ಬಿದ್ರೆ ನಾನೇ ತಿಂತೇನೆ."

ಸೇವಂತಿ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅಣ್ಣ ಹೊರಟುಹೋದ. ಮೆಟ್ಟಿಲಿಳಿಯುವ ಸದ್ದು ಎಂದಿಗಿಂತ ಜೋರಾಗಿತ್ತು.

ಸೇವಂತಿಯ ಕೂದಲು ಈಗ ತೆಳ್ಳಗಾಗಿದೆ, ಬೆಳ್ಳಿ ಬಂದಿದೆ. ಬಟ್ಟೆಯ ಅಂಚು ಕೂತಲ್ಲಿ ಹಣೆಯ ಮೇಲಿನ ಕೂದಲು ಸವೆದುಹೋಗಿದೆ. ಅವಳು ಮೊದಲು ನಾಚಿದಳು, ಆಮೇಲೆ ಕೆಲಸದಲ್ಲಿ ಮರೆತಳು. ಹಬೆ ತಾಗಿದ ಕೂಡಲೇ ಕತ್ತಿನ ಹಿಂದಿನ ಸಣ್ಣ ಕೂದಲು ಸುರುಳಿ ಸುತ್ತಿತು. ಕಿವಿಯ ಪಕ್ಕದ್ದು ಬೆವರಿಗೆ ಕೆನ್ನೆಗಂಟಿತು. ಒಂದು ಎಳೆ ತುಟಿಯ ಮೂಲೆಗೆ ಬಂತು, ಅದನ್ನು ಊದಿ ಸರಿಸಿದಳು, ಅದು ಮತ್ತೆ ಬಂತು. ಬೆರಳಿಗೆ ಮತ್ತೆ ಹಿಟ್ಟು ಮೆತ್ತಿದ್ದರಿಂದ ಮಣಿಕಟ್ಟಿನಿಂದ ಹಿಂದೆ ತಳ್ಳಿದಳು. ಆಗ ಹಣೆಯ ಮೇಲೆ ಒಂದಿಷ್ಟು ಕೂದಲು ಎದ್ದು ನಿಂತು ಹಾಗೇ ಉಳಿಯಿತು. ಯಕ್ಷಿತಾ ಉಸಿರು ಬಿಗಿಹಿಡಿದು ತೆಗೆಯುತ್ತಿದ್ದಳು. ನನಗೋ, ಎದ್ದು ಹೋಗಿ ಅದನ್ನು ಬಾಚಿಬಿಡಬೇಕೆಂದು ಕೈ ತುರಿಸುತ್ತಿತ್ತು. ಜೊತೆಗೆ, ಯಾಕೆ ಮುಚ್ಚಿಡಲಿ, ನನ್ನ ಅತ್ತಿಗೆ ಎಷ್ಟು ಚೆಂದ ಇದ್ದಾಳೆ ಎಂದೂ ಅನಿಸಿತು.

ಆ ವಾರ ಮನೆಯಲ್ಲಿ ಬೇರೆ ಮಾತಿಲ್ಲ. ಅಣ್ಣ ಗಂಟು ಮುಖ ಹಾಕಿಕೊಂಡು ಬಂದು ಹೋಗುತ್ತಿದ್ದ. ಯಕ್ಷಿತಾ ಹುಡುಗಿಯ ತಲೆಯನ್ನು ಮೊದಲಿನಿಂದ ಕಟ್ಟಿದಳು. ಹಬೆಯ ಹತ್ತಿರದ ಕೂದಲು ಒದ್ದೆಯಾಗಿ ಗುಂಪಾಗಬೇಕು, ದೂರದ್ದು ಒಣಗಿರಬೇಕು. ಕೆನ್ನೆಗೆ ಅಂಟಿದ ಎಳೆ ನಗುವಾಗ ಕೆನ್ನೆಯ ಜೊತೆಗೇ ಏಳಬೇಕು. ಕಂಪ್ಯೂಟರಿಗೆ ಬೆವರು ಗೊತ್ತಿಲ್ಲ, ಕೂದಲು ಚರ್ಮದ ಒಳಗೇ ಹೊಕ್ಕುಬಿಡುತ್ತಿತ್ತು. ಮತ್ತೆ ಹೊರಗೆಳೆದು ಕೂರಿಸುವಳು. ಅದಕ್ಕಿಂತ ದೊಡ್ಡ ತಾಪತ್ರಯ ಅವಳ ಕೈ. ಇಷ್ಟು ಕಷ್ಟಪಟ್ಟು ಹಾಕಿದ್ದನ್ನು, ಒಂದು ಸಲ ಹಿಂದೆ ಸರಿದು ನೋಡಿದ ಕೂಡಲೇ, ಅಳಿಸಲು ಬೆರಳು ಹೋಗುತ್ತಿತ್ತು.

"ಮಾಮಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ಡಿಲೀಟ್ ಒತ್ಲಿಕ್ಕೆ ಹೋದ್ರೆ ಕೈಗೆ ಹೊಡೀರಿ" ಎಂದಳು.

ನನಗೆ ಇದಕ್ಕಿಂತ ಸರಿಯಾದ ಕೆಲಸ ಬೇರೆ ಇಲ್ಲ. ಶಾಲೆಯ ಮರದ ಅಡಿಕೋಲು ಇನ್ನೂ ಇಟ್ಟುಕೊಂಡಿದ್ದೇನೆ. ತೆಗೆದುಕೊಂಡು ಕೂತೆ. ಹೊಡೆದೆ ಕೂಡ, ಮೆಲ್ಲಗೆ. ಆದರೆ ಸತ್ಯ ಹೇಳುತ್ತೇನೆ, ಆ ಕೆನ್ನೆಯ ಎಳೆ ನೋಡಿದಾಗೆಲ್ಲ ಅಳಿಸಿದರೆ ಒಳ್ಳೆಯದಿತ್ತು ಎಂದು ನನಗೂ ಅನಿಸುತ್ತಿತ್ತು. ಹಂಡೆಯ ನೇರಕ್ಕೆ ಇತ್ತು ಅದು.

ಕಥೆ ಹೇಳುವವರು ಕೊನೆಯ ತನಕ ಕಾಯಿಸುತ್ತಾರೆ. ನನಗೆ ಆ ತಾಳ್ಮೆ ಇಲ್ಲ. ಸೋಮವಾರ ಪಾಸಾಯಿತು. ಹುಡುಗಿ ಯಕ್ಷಿತಾಳ ಬಳಿಯೇ ಉಳಿದಳು. ರೋಶನ್ ಫೋನಿನಲ್ಲಿ, "ಇವಳು ಎಲ್ಲಿದ್ಲು ಇಷ್ಟು ದಿನ?" ಎಂದನಂತೆ. ಆ ಹೊರದೇಶದವರು ಇನ್ನೂ ಏನೇನೋ ಹೊಗಳಿದ್ದಾರೆ, ನನಗೆ ಇಂಗ್ಲಿಷ್ ಹೊಗಳಿಕೆ ಬಾಯಿಗೆ ಬರುವುದಿಲ್ಲ. ಅವಳ ಕೈ ಕೆಳಗೆ ಈಗ ನಾಲ್ಕು ಜನ ಕೆಲಸ ಮಾಡುತ್ತಾರೆ. ಲೀಡ್ ಆದ ಮೇಲೆ ಬಂದ ಮೊದಲ ತಲೆ ಒಬ್ಬ ಸನ್ಯಾಸಿಯದು, ಪೂರ್ತಿ ಬೋಳು. ನಾವು ಒಂದು ದಿನ ಪೂರ್ತಿ ನಕ್ಕೆವು. ಇದೆಲ್ಲ ಆಯಿತು. ಆದರೆ ನನ್ನ ಮಟ್ಟಿಗೆ ಅವಳು ಪಾಸಾದದ್ದು ಸೋಮವಾರ ಅಲ್ಲ, ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ.

ಆವತ್ತು ಕೆಲಸ ಮುಗಿದು ಕಳಿಸುವುದಷ್ಟೇ ಬಾಕಿ ಇತ್ತು. ಯಕ್ಷಿತಾಳಿಗೆ ಧೈರ್ಯ ಬರಲೊಲ್ಲದು. ಅದೇ ದೃಶ್ಯವನ್ನು ಹಾಕುವಳು, ನೋಡುವಳು, ಮತ್ತೆ ಹಾಕುವಳು. ಮುಚ್ಚಳ ತೆಗೆಯುತ್ತಾಳೆ, ಹಬೆ ಏಳುತ್ತದೆ, ಹುಡುಗಿ ಮಣಿಕಟ್ಟಿನಿಂದ ಹಣೆ ಒರೆಸಿ ತಾಯಿಯ ಕಡೆ ತಿರುಗುತ್ತಾಳೆ.

"ಆ ಕೆನ್ನೆಯದು ಜಾಸ್ತಿ ಆಯ್ತಾ ಮಾಮಿ? ಗಲೀಜು ಕಾಣ್ತದಾ?"

ನಾನು ಸುಳ್ಳು ಹೇಳುವವಳಲ್ಲ. "ಸ್ವಲ್ಪ ಕಾಣುತ್ತದೆ" ಎಂದೆ.

ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ಹೋಯಿತು. ನನ್ನ ಅಡಿಕೋಲು ಮಡಿಲಲ್ಲೇ ಇತ್ತು, ನಾನು ಎತ್ತಲಿಲ್ಲ.

ಅಣ್ಣ ಯಾವಾಗ ಒಳಗೆ ಬಂದನೋ ನಮಗೆ ಗೊತ್ತಾಗಲಿಲ್ಲ. ಹೋಟೆಲಿನ ವಾಸನೆ ಬಂದಾಗ ತಿರುಗಿ ನೋಡಿದರೆ, ನಮ್ಮ ಕುರ್ಚಿಗಳ ಹಿಂದೆ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ನಿಂತಿದ್ದಾನೆ. ಪರದೆ ನೋಡುತ್ತಿದ್ದಾನೆ. ಯಕ್ಷಿತಾ ಅಳಿಸುವ ಕೈಯನ್ನು ಹಾಗೇ ಇಟ್ಟು ಬೈಗುಳಕ್ಕೆ ಕಾದಳು. ನಾನೂ ಕಾದೆ, ನನ್ನ ಉತ್ತರವನ್ನೂ ಸಿದ್ಧ ಮಾಡಿಕೊಂಡೆ. ದೃಶ್ಯ ಮುಗಿಯಿತು, ಮತ್ತೆ ಮೊದಲಿನಿಂದ ಬಂತು. ಹಬೆ, ಮಣಿಕಟ್ಟು, ನಗು. ಅಣ್ಣನ ಮುಖದ ಗಂಟು ಸಡಿಲಾಗುವುದನ್ನು ನಾನು ನೋಡಿದೆ. ಅವನು ಸ್ವಲ್ಪ ಮುಂದೆ ಬಾಗಿದ.

"ಈ ಬಾಲೆ ಬೆಳಿಗ್ಗೆಯಿಂದ ನಿಂತೇ ಇದ್ದಾಳೆ ಕಾಣ್ತದೆ" ಎಂದ. ಅವನ ಸ್ವರ ಮೆತ್ತಗಿತ್ತು. "ಊಟ ಆಗಿದೆಯಾ ಇವಳಿಗೆ?"

ಕೇಳಿದ್ದು ಕಂಪ್ಯೂಟರಿನ ಹುಡುಗಿಯ ಊಟದ ಬಗ್ಗೆ ಎಂದು ಅವನಿಗೇ ಆಮೇಲೆ ಹೊಳೆಯಿತು. ಕಿವಿ ಕೆಂಪಾಯಿತು. ಚಪ್ಪಲಿ ಎಲ್ಲಿಡುವುದೆಂದು ಅತ್ತಿತ್ತ ನೋಡಿದ. ನಾನು ಈ ಮನೆಯಲ್ಲಿ ಇಷ್ಟು ಕಾಲದಿಂದ ಇದ್ದೇನೆ. ಊರಿನವರಿಗೆಲ್ಲ ಊಟ ಹಾಕುವ ಮನುಷ್ಯ, ಒಲೆಯ ಮುಂದೆ ನಿಂತವಳಿಗೆ ಊಟ ಆಯಿತೇ ಎಂದು ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಸೇವಂತಿ ಬಾಗಿಲಿಗೆ ಬಂದು ನಿಂತಳು. ಅಣ್ಣ ಅವಳನ್ನು ನೋಡಿದ, ನೋಡುತ್ತಲೇ ಇದ್ದ.

"ನಿಂದು?" ಎಂದ.

"ಆಗಿಲ್ಲ" ಎಂದಳು ಅವಳು.

"ಕೂತ್ಕೋ. ನಾನು ಬಡಿಸ್ತೇನೆ."

ಅವನು ಒಳಗೆ ಹೋದ. ಯಕ್ಷಿತಾ ಗುಂಡಿಯ ಮೇಲಿಂದ ಬೆರಳು ತೆಗೆದು, ಹುಡುಗಿಯನ್ನು ಇದ್ದ ಹಾಗೆಯೇ ಕಳಿಸಿದಳು.